ಗಂಟೆಯ ಸರಾಸರಿ ಬಚ್ಚಿಟ್ಟ ಬಿಸಿ: ಟ್ರಾನ್ಸ್‌ಫಾರ್ಮರ್ ವಯಸ್ಸಿನ ಲೆಕ್ಕದ ಪ್ರಗತಿ

ಟ್ರಾನ್ಸ್‌ಫಾರ್ಮರಿನ ಎಣ್ಣೆಯ ತಾಪ, ಹಾಟ್‌ಸ್ಪಾಟ್ (ವೈಂಡಿಂಗ್ ಎಂಬ ತಂತಿಸುರುಳಿಯ ಅತಿ ಬಿಸಿಯಾದ ಜಾಗ), ಅಲ್ಲಿನ ನಿರೋಧಕ ಕಾಗದಕ್ಕೆ ವಯಸ್ಸಾಗುವ ವೇಗ ಎಂಬ ಮೂರು ಮೆಟ್ಟಿಲುಗಳ ಲೆಕ್ಕವನ್ನು ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60076-7ರ ಸಮೀಕರಣಗಳಂತೆ ಕೋಡಿಗೆ ಇಳಿಸುವ ಕೆಲಸ ತಕರಾರಿಲ್ಲದೆ ಮುಗಿದದ್ದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ಕಾಡಿದ್ದು ಬೇರೆಯೇ ಸಂಗತಿ. ಟ್ರಾನ್ಸ್‌ಫಾರ್ಮರೂ ಒಂದೇ, ದಿನವೂ ಒಂದೇ; ಆದರೆ ಮೀಟರಿನ ಗಂಟೆವಾರು ದಾಖಲೆ ಕೊಟ್ಟರೆ ನಿರೋಧಕ ಕಾಗದ ಇನ್ನೂ ಯೌವನದಲ್ಲಿರುತ್ತಿತ್ತು, ಲಾಗರಿನ (ಅಳತೆಗಳನ್ನು ದಾಖಲಿಸುವ ಸಾಧನದ) ನಿಮಿಷವಾರು ದಾಖಲೆ ಕೊಟ್ಟೊಡನೆ ಅದಕ್ಕೆ ಮುಪ್ಪು ಹತ್ತಿರವಾಗುತ್ತಿತ್ತು.

ನಿರೋಧಕವಾಗಿ ಸುತ್ತುವ ಸಾಮಾನ್ಯ ಕ್ರಾಫ್ಟ್ ಕಾಗದಕ್ಕೆ 98 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ವಯಸ್ಸಾಗುವ ವೇಗ 1 ಎಂದು ಹಿಡಿದರೆ, ಪ್ರತಿ 6 ಡಿಗ್ರಿ ಏರಿಕೆಗೆ ಅದು ಇಮ್ಮಡಿಯಾಗುತ್ತದೆ. ಎಣ್ಣೆ 78 ಡಿಗ್ರಿಯಲ್ಲಿ ನಿಂತಿದೆ, ಪೂರ್ಣ ಲೋಡಿನಲ್ಲಿ ಹಾಟ್‌ಸ್ಪಾಟ್ ಅದಕ್ಕಿಂತ 20 ಡಿಗ್ರಿ ಮೇಲಿದೆ ಎಂದುಕೊಳ್ಳೋಣ. ಗಂಟೆಯಿಡೀ ಪೂರ್ಣ ಲೋಡ್ ಇದ್ದರೆ ವೇಗ 1. ಅದೇ ಗಂಟೆಯ ಅರ್ಧ ಭಾಗ 1.4 ಪಟ್ಟು, ಉಳಿದರ್ಧ 0.6 ಪಟ್ಟು ಲೋಡ್ ಇದ್ದರೆ ಸರಾಸರಿ ಲೋಡ್ ಕದಲುವುದಿಲ್ಲ, ಆದರೆ ಹಾಟ್‌ಸ್ಪಾಟ್ ಮೊದಲರ್ಧದಲ್ಲಿ ಸುಮಾರು 112 ಡಿಗ್ರಿ ಮುಟ್ಟಿ ವೇಗ 5 ದಾಟುತ್ತದೆ, ಆಮೇಲೆ 0.3ರ ಆಸುಪಾಸಿಗೆ ಇಳಿಯುತ್ತದೆ. ಒಟ್ಟಾರೆ ವೇಗ ಸುಮಾರು 2.7. ಸರಾಸರಿಯ ಬದಲು ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಲೋಡ್ ಕೊಟ್ಟರೂ 1.3ಕ್ಕೆ ನಿಲ್ಲುತ್ತದೆ. ಎಣ್ಣೆಯ ಕಾಲಸ್ಥಿರಾಂಕ, ಎಂದರೆ ಬದಲಾವಣೆಗೆ ಸ್ಪಂದಿಸಲು ಹಿಡಿಯುವ ಕಾಲದ ಅಳತೆ, 180 ನಿಮಿಷವಾದ್ದರಿಂದ ಅದು ಈ ಏರಿಳಿತವನ್ನು ಅಷ್ಟಾಗಿ ಗಮನಿಸುವುದಿಲ್ಲ. 4 ನಿಮಿಷದ ಕಾಲಸ್ಥಿರಾಂಕದ ವೈಂಡಿಂಗ್ ಮಾತ್ರ ಪ್ರತಿಯೊಂದನ್ನೂ ಅನುಭವಿಸುತ್ತದೆ.

ವರ್ಷಗಟ್ಟಲೆಯ ದಾಖಲೆ ಗಂಟೆವಾರು ಮಾತ್ರ ಲಭ್ಯವಿರುವಾಗ ಒಳಗಿನ ನಿಮಿಷಗಳನ್ನು ತರುವುದೆಲ್ಲಿಂದ? ಲಾಗರಿನ ನಿಮಿಷಗಳನ್ನು ಗಂಟೆಯ ಸರಾಸರಿಗೆ ತಕ್ಕಂತೆ ಯಾದೃಚ್ಛಿಕವಾಗಿ ಹೆಕ್ಕಿ ತುಂಬಿದಾಗ, ಚದುರಿದ ಶಿಖರಗಳನ್ನು ಆ 4 ನಿಮಿಷದ ಕಾಲಸ್ಥಿರಾಂಕವೇ ನುಂಗಿಹಾಕಿತು. ಬಿಡಿ ನಿಮಿಷಗಳನ್ನು ಬಿಟ್ಟು, ಅದೇ ಸರಾಸರಿಯುಳ್ಳ ಲಾಗರಿನ ಇಡೀ ಗಂಟೆಯನ್ನು ಅದರ ಕ್ರಮ ಕೆಡದಂತೆ ಎತ್ತಿ ಕೂರಿಸಿದ ಮೇಲೆಯೇ ಗಂಟೆವಾರು, ನಿಮಿಷವಾರು ಲೆಕ್ಕಗಳೆರಡೂ ಒಂದಕ್ಕೊಂದು ಒಪ್ಪಿಕೊಂಡವು.

ಇದಕ್ಕೂ ಮುನ್ನ ಲಾಗರಿನ ಕರೆಂಟ್ ಸಂವೇದಕಗಳು ಸಾಕಷ್ಟು ತಾಳ್ಮೆಯನ್ನು ತಿಂದಿದ್ದವು. ಒಂದೇ ತಯಾರಿಯವೆಂದು ಮಾರಾಟಗಾರ ಕಳುಹಿಸಿದ, ತಂತಿಯ ಸುತ್ತ ಕಚ್ಚಿಸುವ ಮೂರು ಕ್ಲಾಂಪುಗಳು ಒಂದೇ ತಂತಿಗೆ ಮೂರು ಬಗೆಯ ಕರೆಂಟು ತೋರಿಸಿದವು. ನಿಖರತೆ ವಿವರಪತ್ರದಲ್ಲಿ ಮಾತ್ರ ಇತ್ತು. ಕ್ಲಾಂಪಿನೊಳಗಿನ ಕೋರಿನ (ಕಾಂತೀಯ ಉಂಗುರದ) ಎರಡು ಹೋಳುಗಳು ಸರಿಯಾಗಿ ಕೂಡದೆ ಕೂದಲೆಳೆಯ ಸಂದು ಉಳಿದರೂ ಅಳತೆ ಕೆಡುತ್ತದೆಂಬುದನ್ನು ಆ ಮಾರಾಟಗಾರನಿಗೆ ಯಾರಾದರೂ ಹೇಳಬೇಕು.

ಅದೇ ಕ್ಲಾಂಪುಗಳನ್ನು ನೋಡುತ್ತಲೇ ಮುಂದಿನ ಯೋಜನೆಯೂ ಹೊಳೆಯಿತು: ನ್ಯೂಟ್ರಲ್ ಕರೆಂಟು. ಮೂರನೆಯ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟು ಆವರ್ತನದ ಕರೆಂಟು) ಮೂರೂ ಫೇಸುಗಳಿಂದ ಬಂದು ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತದೆ, ವೈಂಡಿಂಗಿನ ಎಡ್ಡಿ ನಷ್ಟವೋ (ಸುಳಿ ಕರೆಂಟುಗಳಿಂದಾಗುವ ನಷ್ಟ) ಆವರ್ತನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ ಲೋಡನ್ನು ಆಂಪಿಯರಿನಲ್ಲಿ ಮಾತ್ರ ಅಳೆದರೆ ಬಿಸಿಯ ಒಂದು ಪಾಲು ತಪ್ಪಿಸಿಕೊಳ್ಳುತ್ತದೆ.

ಸದ್ಯಕ್ಕೆ ಲಾಗರಿನ ಭಂಡಾರದಲ್ಲಿ ಕಡುಬೇಸಗೆಯ ಗಂಟೆಗಳು ಇಲ್ಲ. ಫ್ಯಾನು, ಏಸಿಗಳು ಹೊರಿಸುವ ಲೋಡಿನ ಆಕಾರವೇ ಬೇರೆಯಾದ್ದರಿಂದ, ಆ ಗಂಟೆಗಳು ದಾಖಲಾಗುವ ತನಕ ಬೇಸಗೆಯ ತಿಂಗಳುಗಳಿಗೆ ಈ ವಿಧಾನವನ್ನು ಹಚ್ಚದೆ, ಲೆಕ್ಕದ ಹಾಳೆಯಲ್ಲಿ ಆ ಅಂಕಣಗಳನ್ನು ಖಾಲಿ ಬಿಟ್ಟಿದ್ದೇನೆ.