174ನೇ ಸಾಲು ಅಳಿಸಿದ ದಿನ

ಮೇ ತಿಂಗಳ ಭಾನುವಾರ. ರಾಯಚೂರಿನ ಬಿಸಿಲಿಗೆ ಹೆದರಿ ಓಣಿಯಲ್ಲಿ ನಾಯಿ ಕೂಡ ಓಡಾಡುತ್ತಿರಲಿಲ್ಲ. ಬೆಳಿಗ್ಗೆ ಒಗ್ಗರಣಿ, ಮಿರ್ಚಿ ತಿಂದು, ಕಿಟಕಿಗೆ ಒದ್ದೆ ಚಾದರ ಕಟ್ಟಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಲಿನಕ್ಸ್ ಕರ್ನಲ್ ಅಂದರೆ ಯಂತ್ರಕ್ಕೂ ಪ್ರೋಗ್ರಾಂಗಳಿಗೂ ನಡುವೆ ಕೂತ ಮೂಲ ತಂತ್ರಾಂಶ, ಅದರ ಸೋರ್ಸ್ ಕೋಡ್ ಓದುವುದು ಆಗ ನನಗೆ ಹಿಡಿದಿದ್ದ ಹುಚ್ಚು. ಓದಿಕೊಂಡು ಸುಮ್ನೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ರೋಗ್ರಾಮಿಗೆ ಒಂದು ಫೈಲ್ ಬೇಕಾದರೆ ಅದು ತಾನೇ ಡಿಸ್ಕಿಗೆ ಕೈ ಹಾಕುವ ಹಾಗಿಲ್ಲ. ಕರ್ನಲ್ ಅನ್ನು ಕೇಳಬೇಕು. ಹಾಗೆ ಕೇಳುವುದೇ ಸಿಸ್ಟಮ್ ಕಾಲ್. ಕೇಳುವಾಗ ಹೆಸರು ಹೇಳುವುದಿಲ್ಲ, ಬರೀ ಸಂಖ್ಯೆ ಕೊಡುತ್ತದೆ. 64 ಬಿಟ್‌ನ ಇಂಟೆಲ್ ಯಂತ್ರದಲ್ಲಿ 0 ಅಂದರೆ ಓದು, 1 ಅಂದರೆ ಬರೆ. ಹಳೆಯ 32 ಬಿಟ್‌ನಲ್ಲಿ ಓದುವುದಕ್ಕೆ 3.

ಈ ಕಾಲ್‌ಗಳ ಘೋಷಣೆಗಳು, ಅಂದರೆ ಹೆಸರು ಮತ್ತು ಏನೇನು ಕೊಡಬೇಕು ಅನ್ನುವ ವಿವರ, ಹೆಚ್ಚುಕಮ್ಮಿ ಎಲ್ಲವೂ 'ಸಿಸ್‌ಕಾಲ್ಸ್ ಡಾಟ್ ಎಚ್' ಅನ್ನುವ ಒಂದೇ ಹೆಡರ್ ಫೈಲಿನಲ್ಲಿವೆ. ತೆರೆದು ನೋಡಿದರೆ ಅಕಾರಾದಿಯೂ ಅಲ್ಲ, ನಮ್ಮ ಯಂತ್ರದ ಸಂಖ್ಯೆಯ ಸಾಲೂ ಅಲ್ಲ. ಇದನ್ನು ಯಾರೂ ನೀಟಾಗಿ ಇಟ್ಟಿಲ್ಲ ಅಂದುಕೊಂಡೆ. ನನ್ನ ಪ್ರತಿಯಲ್ಲಿ ಎಲ್ಲವನ್ನೂ ಅಕ್ಷರದ ಸಾಲಿಗೆ ತಂದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದು ಮಾತೂ ಆಡಲಿಲ್ಲ. ಘೋಷಣೆ ಹಿಂದಿದ್ದರೇನು, ಮುಂದಿದ್ದರೇನು, ಅದಕ್ಕೆ ಎರಡೂ ಒಂದೇ.

ನೋಡಿದವನಿಗೆ ಮಾತ್ರ ಒಂದಲ್ಲ. ಫೈಲಿಗೆ ಹೆಚ್ಚುವರಿ ಗುಣಲಕ್ಷಣ ಅಂಟಿಸುವ ಮೂರು ಕಾಲ್‌ಗಳಿವೆ: ಸೆಟ್‌ಎಕ್ಸ್‌ಆಟರ್, ಎಲ್‌ಸೆಟ್‌ಎಕ್ಸ್‌ಆಟರ್, ಎಫ್‌ಸೆಟ್‌ಎಕ್ಸ್‌ಆಟರ್. ಮೂರೂ ಒಂದೇ ತಾಯಿಯ ಮಕ್ಕಳು. ಮೊದಲು ಪಕ್ಕಪಕ್ಕ ಕೂತಿದ್ದವು, ಮೇಲೆ ಯಾವ ಸೋರ್ಸ್ ಫೈಲಿನವು ಅಂತ ಟಿಪ್ಪಣಿಯೂ ಇತ್ತು. ನನ್ನ ಅಕಾರಾದಿಯಲ್ಲಿ ಒಂದು 'ಎಸ್'ಗೆ, ಒಂದು 'ಎಲ್'ಗೆ, ಇನ್ನೊಂದು 'ಎಫ್'ಗೆ ಹೋಗಿ ಬಿದ್ದವು. ಅಷ್ಟಾದ ಮೇಲೆ ಫೈಲಿನ ಟಿಪ್ಪಣಿಗಳನ್ನು ಸರಿಯಾಗಿ ಓದಿದೆ. ಹಲವು ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ ಇಟ್ಟಿರುವ ಇನ್ನೊಂದು ಸಂಖ್ಯಾಪಟ್ಟಿಯ ಸಾಲನ್ನೇ ಇಲ್ಲೂ ಹಿಡಿದಿದ್ದಾರೆ. ಹಳೆಯದಾದ ಕಾಲ್‌ಗಳನ್ನು ಕೊನೆಗೆ ಸರಿಸಿದ್ದಾರೆ. 2018ರಲ್ಲಿ, ಕರ್ನಲ್‌ನ 4.17 ಆವೃತ್ತಿಯ ಹೊತ್ತಿಗೆ ಕೂತು ಮಾಡಿದ ಕೆಲಸ ಅದು. ನಾನೋ ಎದ್ದು ಒಂದು ತಾಸಿನಲ್ಲಿ ಕೆಡಿಸಿದ್ದೆ.

ಅಲ್ಲಿಗೇ ನಿಲ್ಲಬೇಕಿತ್ತು, ಅಲ್ವಾ? ಹೆಡರ್ ಕದಡಿದರೂ ಏನೂ ಕೆಡಲಿಲ್ಲ ಅನ್ನುವ ಧೈರ್ಯ ಬಂದಿತ್ತು. ನಮ್ಮ ಯಂತ್ರದ ಸಂಖ್ಯೆಗಳ ಪಟ್ಟಿಯನ್ನೇ ತೆರೆದೆ. 174ರಲ್ಲಿ ಕ್ರಿಯೇಟ್ ಮಾಡ್ಯೂಲ್ ಅಂತ ಒಂದು ಸಾಲು. 2.6 ಆವೃತ್ತಿಯಲ್ಲೇ ತೆಗೆದುಹಾಕಿದ ಕಾಲ್ ಅದು. ಹೆಸರಿದೆ, ಎದುರಿಗೆ ಕೆಲಸ ಮಾಡುವ ಫಂಕ್ಷನ್ ಇಲ್ಲ. ಸತ್ತವರ ಹೆಸರು ರೇಷನ್ ಕಾರ್ಡಿನಲ್ಲಿ ಯಾಕೆ ಅಂತ ಅಳಿಸಿದೆ. ಕೆಳಗಿನವನ್ನೆಲ್ಲ ಸಣ್ಣ ಸ್ಕ್ರಿಪ್ಟ್ ಬರೆದು ಒಂದೊಂದು ಸಂಖ್ಯೆ ಕಡಿಮೆ ಮಾಡಿ ಮೇಲಕ್ಕೆ ಸರಿಸಿದೆ.

ಪಟ್ಟಿ ಮುಟ್ಟಿದರೆ ಕರ್ನಲ್‌ನ ಬಹುಪಾಲು ಮತ್ತೆ ಕಂಪೈಲ್ ಆಗುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್ ದೋಸೆ ಹಂಚಿನ ಹಾಗೆ ಕಾದಿತ್ತು. ನಡುವೆ ಕರೆಂಟ್ ಹೋಯಿತು. ಬ್ಯಾಟರಿ 20ಕ್ಕೆ ಇಳಿದಾಗ ಮತ್ತೆ ಬಂತು. ಸಂಜೆ ಐದಕ್ಕೆ ಕರ್ನಲ್ ತಯಾರು.

ಕಂಪ್ಯೂಟರಿನೊಳಗೇ ಇನ್ನೊಂದು ನಕಲಿ ಕಂಪ್ಯೂಟರ್ ನಡೆಸುವ ಕ್ಯೂಎಮುವಿನಲ್ಲಿ ಅದನ್ನು ಏರಿಸಿದೆ. ಪರೀಕ್ಷಿಸಿ ನೋಡಲು ಹಿಂದಿನ ದಿನವೇ ಒಂದು ಪುಟಾಣಿ ಪ್ರೋಗ್ರಾಂ ಬರೆದಿಟ್ಟಿದ್ದೆ. ಯಾವ ಲೈಬ್ರರಿಯೂ ಇಲ್ಲ, ನೇರವಾಗಿ ಸಂಖ್ಯೆ ಕೊಟ್ಟು ಕರೆಯುವಂಥದ್ದು. 257 ಅಂದರೆ ಓಪನ್‌ಆಟ್, ಫೈಲ್ ತೆರೆಯುವ ಕಾಲ್. 'ಲೆಕ್ಕ' ಅನ್ನುವ ಹೊಸ ಫೈಲ್ ತೆರೆದು, ಸಿಕ್ಕ ಫೈಲ್ ಸಂಖ್ಯೆಯನ್ನು ಪರದೆಗೆ ಬರೆಯಬೇಕು. 0, 1, 2 ಮೊದಲೇ ಬಳಕೆಯಲ್ಲಿರುತ್ತವೆ, ಹಾಗಾಗಿ 3 ಬರಬೇಕಿತ್ತು. 0 ಬಂತು.

ಕಣ್ಣುಜ್ಜಿಕೊಂಡು ಇನ್ನೊಮ್ಮೆ ಏರಿಸಿದೆ. ಮತ್ತೆ 0. ತಪ್ಪಾಗಿದ್ದರೆ ಮೈನಸ್ ಸಂಖ್ಯೆ ಬರಬೇಕು, ಇದು ಕೆಲಸ ಆಯಿತು ಅನ್ನುತ್ತಿದೆ! ಅರ್ಧ ತಾಸು ತಲೆ ಕೆರೆದುಕೊಂಡೆ. ಕೊನೆಗೆ ಪಟ್ಟಿಗೆ ಹೋಗಿ ನೋಡಿದರೆ, ಮೊದಲು 258ರಲ್ಲಿದ್ದ, ಡೈರೆಕ್ಟರಿ (ಫೋಲ್ಡರ್) ಕಟ್ಟುವ ಎಂಕೆಡಿರ್‌ಆಟ್ ಈಗ 257ಕ್ಕೆ ಬಂದು ಕೂತಿದೆ. ಪ್ರೋಗ್ರಾಂ ಫೈಲ್ ತೆರೆ ಅಂದಿದೆ, ಕರ್ನಲ್ ಅದೇ ಹೆಸರಿನ ಡೈರೆಕ್ಟರಿ ಕಟ್ಟಿಕೊಟ್ಟು ಕೆಲಸ ಆಯಿತು ಅಂದಿದೆ. ಖಾತ್ರಿಗೆ ಇನ್ನೊಂದು ಸಾಲು ಸೇರಿಸಿ 'ಲೆಕ್ಕ'ದ ಒಳಗೆ ಹೋಗಲು ಹೇಳಿದೆ. ಹೋಯಿತು! ಫೈಲಿನ ಒಳಗೆ ಹೋಗಿ ಕೂತಿದ್ದು ಜನ್ಮದಲ್ಲಿ ಅದೇ ಮೊದಲು.

ಒಬ್ಬನೇ ನಗುತ್ತಿದ್ದೆ. ಅಕ್ಕನ ಮನೆಯಿಂದ ಬಂದಿದ್ದ ಮಾಮಾ ಬಾಗಿಲಲ್ಲಿ ನಿಂತು, "ಯಾಕಪಾ, ಬಿಸಿಲು ತಲಿಗೇರೇತೇನು?" ಅಂದರು. ಹೊಲದ ಪಹಣಿ ತಿದ್ದುಪಡಿಗೆ ವಾರದಿಂದ ಅಲೆಯುತ್ತಿದ್ದವರು. ನಂಬರಿನ ಕಥೆ ಹೇಳಿದೆ.

"ಹಂಗಾರ ಆ ಖಾಲಿ ನಂಬರ್ ಕೇಳ್ಕೊಂತ ಯಾರರ ಬಂದ್ರ?"

"38 ಅಂತೈತಿ ಮಾಮಾ. ಅಂದ್ರ ಆ ಕೆಲಸ ಇಲ್ಲಿ ಇಲ್ಲ ಅಂತ."

"ಪಾಡ ಐತಲ್ಲೋ! ನಾಳೆ ಬಾ ಅನ್ನಂಗಿಲ್ಲ."

"ಅದಕ್ಕೂ ಒಂದು ನಂಬರ್ ಐತಿ. 11. ಈಗ ಆಗಂಗಿಲ್ಲ, ಮತ್ತೊಮ್ಮೆ ಬಾ ಅಂತ."

ಮಾಮಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ನನಗ ವಾರದಿಂದ 11 ಕೊಡಾಕತ್ಯಾರ ನೋಡು" ಅಂದು ಚಹಾ ಕೇಳಲು ಒಳಗೆ ಹೋದರು.

ನಾನು 174ನೇ ಸಾಲನ್ನು ವಾಪಸ್ ಹಾಕಿದೆ. ಅಕಾರಾದಿಯನ್ನೂ ಅಳಿಸಿದೆ. ಮತ್ತೆ ಕಂಪೈಲ್‌ಗೆ ಬಿಟ್ಟು ನಾನೂ ಚಹಾಕ್ಕೆ ಎದ್ದೆ. ಲ್ಯಾಪ್‌ಟಾಪಿನ ಫ್ಯಾನ್ ಅಡುಗೆಮನೆವರೆಗೂ ಕೇಳಿಸುತ್ತಿತ್ತು.