‘ಪೇಪರ್ ಕ್ಲಿಯರ್ ಇದೆ ಮೇಡಂ’

16 ನವೆಂಬರ್ 2025, ಭಾನುವಾರ

ಕೊಳ್ಳಬೇಕು ಅಂದುಕೊಂಡಿದ್ದ ಮನೆಗೆ ಇವತ್ತು ಟೋಕನ್ ಅಡ್ವಾನ್ಸ್ ಕೊಡಬೇಕಿತ್ತು. ಕೊಡಲಿಲ್ಲ. ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಮುಗಿಸಿಬಿಡಿ ಅಂತ ಬ್ರೋಕರ್ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದ.

ಮಾಗಡಿ ರಸ್ತೆಯಲ್ಲಿ ನೈಸ್ ರೋಡ್ ದಾಟಿ ಒಳಗೆ ಹೋದರೆ ಸಿಗೋ ಮನೆ. ತರ್ಟಿ-ಫಾರ್ಟಿ ಸೈಟು, ಪೂರ್ವದ ಬಾಗಿಲು. ನಾನು ಸೋತದ್ದು ಮಾತ್ರ ಹಿತ್ತಲಿನ ಕರಿಬೇವಿನ ಗಿಡಕ್ಕೆ. 85 ಲಕ್ಷ ಅಂದರು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಬೇರೆ 1ರಿಂದ 2 ಪರ್ಸೆಂಟ್ ಆಗಿದೆ, ಅದೊಂದೇ 1.70 ಲಕ್ಷ, ಮುದ್ರಾಂಕ ಶುಲ್ಕದ ಲೆಕ್ಕ ಹಾಕೋಕೆ ಇವರು ಕೂತಾಗ ನಾನು ಎದ್ದು ಕಾಫಿ ಮಾಡೋಕೆ ಹೋದೆ.

ಫೈಲು ದಪ್ಪಗಿತ್ತು. ಪಂಚಾಯ್ತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9, 11ಎ, ಹೊಲವನ್ನ ಮನೆ ಕಟ್ಟೋಕೆ ಬದಲಾಯಿಸಿದ 2009ರ ಕನ್ವರ್ಷನ್ ಆದೇಶ, ಕಂದಾಯ ರಸೀದಿ, ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಕೊಡೋ ಇ.ಸಿ. (ಋಣಭಾರ ಪತ್ರ). ‘ಪೇಪರ್ ಕ್ಲಿಯರ್ ಇದೆ ಮೇಡಂ’ ಅನ್ನೋದನ್ನ ಬ್ರೋಕರ್ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಬ್ಯಾಂಕ್ ಲೋನ್ ಕೊಡೋಕೆ ಒಪ್ಪಿದೆ ಅಂದಮೇಲೆ ಇನ್ನೇನು ನೋಡೋದು ಅಂತ ಇವರದ್ದು. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿಗಾಗಿ, ನಮಗಾಗಿ ಅಲ್ಲ ಅಂತ ಹಟ ಹಿಡಿದು ನಮ್ಮದೇ ಲಾಯರ್ ಹತ್ರ ಹೋದದ್ದು ನಾನು. ಐದು ಸಾವಿರ ಫೀಸು. ಅದಕ್ಕೂ ಒಂದು ಸುತ್ತು ಮಾತಾಯ್ತು.

ಲಾಯರಮ್ಮ ಫೈಲನ್ನ ಹಿಂದಿನಿಂದ ಮುಂದಕ್ಕೆ ಓದಿದರು. ಆನ್‌ಲೈನ್‌ನಲ್ಲಿ ನಮಗೆ ಸಿಕ್ಕಿದ್ದ ಇ.ಸಿ. 2004ರಿಂದ ಈಚಿನದ್ದು. ಅದಕ್ಕೆ ಹಿಂದಿನದು ಬೇಕು ಅಂದರು. ಅರ್ಧ ದಿನ ರಜೆ ಹಾಕಿ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು, ಮತ್ತೊಂದು ದಿನ ಹೋಗಿ ತಂದೆ. ಖಾಲಿ. ಒಂದು ವ್ಯವಹಾರವೂ ಇಲ್ಲ. ನನಗೆ ಖುಷಿಯೋ ಖುಷಿ.

ಅವರಿಗೆ ಅದೇ ಅನುಮಾನ. ‘ಹಾಗಾದರೆ ಈ ಮೂರು ಜನ ಅಣ್ಣತಮ್ಮಂದಿರಿಗೆ ಜಮೀನು ಬೇರೆ ಬೇರೆ ಆಗಿದ್ದು ಹೇಗೆ?’ ಖಾತೆ ಯಾರಿಂದ ಯಾರಿಗೆ ಬದಲಾಯಿತು ಅನ್ನೋ ಮ್ಯುಟೇಷನ್ ಪ್ರತಿ ತೆಗೆಸಿದೆವು. 1998, ಪಾಲು ಪಾರಿಕತ್ತು, ಅಂದರೆ ಮನೆಯವರೇ ಮಾಡಿಕೊಂಡ ವಿಭಾಗ ಪತ್ರ. ಬಿಳಿ ಹಾಳೆ ಮೇಲೆ ಊರ ಹಿರಿಯರ ಮುಂದೆ ಬರೆದುಕೊಂಡದ್ದು, ನೋಂದಣಿ ಆಗಿಲ್ಲ. ನೋಂದಣಿಯಾಗದ್ದು ಇ.ಸಿ.ಯಲ್ಲಿ ಬರೋದಾದರೂ ಎಲ್ಲಿಂದ? ಪುಣ್ಯಕ್ಕೆ ಇದು ಪಿತ್ರಾರ್ಜಿತ, ಮಂಜೂರಾತಿ ಜಮೀನಲ್ಲ. ಇಲ್ಲದಿದ್ದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಮಾರಾಟ ತಡೆಯೋ 1978ರ ಪಿಟಿಸಿಎಲ್ ಕಾಯ್ದೆಯನ್ನೂ ಕೆದಕಬೇಕಿತ್ತಂತೆ.

ವಂಶವೃಕ್ಷದ ಹಾಳೆಯನ್ನ ನನ್ನ ಕಡೆ ತಿರುಗಿಸಿದರು. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಅಮ್ಮನದು, ಕೆಳಗೆ ಮೂರು ಗೆರೆ, ಮೂರು ಗಂಡುಮಕ್ಕಳು. ಕೊನೆಯವರೇ ನಮಗೆ ಮಾರ್ತಿರೋರು. ‘ಹೆಣ್ಮಕ್ಕಳು ಇರಲೇ ಇಲ್ವಾ, ಅಥವಾ ಬರೀಲಿಲ್ವಾ? ಹೋಗಿ ಕೇಳಿಕೊಂಡು ಬನ್ನಿ.’

ಯಾರನ್ನ ಕೇಳೋದು? ಶನಿವಾರ ಬ್ರೋಕರಿಗೆ ಹೇಳದೆ ಹೋದೆವು. ನಿಂತ ಜಾಗದ ಸರ್ವೆ ನಕ್ಷೆ ತೋರಿಸೋ ದಿಶಾಂಕ್ ಆ್ಯಪ್ ತೆರೆದು ಗೇಟಿನ ಮುಂದೆ ನಿಂತರೆ ಸರ್ವೆ ನಂಬರ್ ಸರಿಯಾಗಿಯೇ ಇತ್ತು. ಎರಡು ಮನೆ ಆಚೆ ಒಂದು ಕಾಲುವೆಯ ಗೆರೆ. ಆಗ ಕಾಂಪೌಂಡ್ ನೋಡಿದೆ. ಮೊಣಕಾಲೆತ್ತರದವರೆಗೆ ಬಣ್ಣ ಬೇರೆ, ಹೊಸದು. ಗೇಟಿನ ಕಂಬಿಯ ತುಕ್ಕೂ ಸರಿಯಾಗಿ ಅದೇ ಮಟ್ಟಕ್ಕೆ ನಿಂತಿತ್ತು. ಮೂರು ಸಲ ಬಂದಿದ್ದೆ, ಕರಿಬೇವು ಬಿಟ್ಟು ಬೇರೇನೂ ಕಂಡಿರಲಿಲ್ಲ.

ಎದುರು ಮನೆ ಜಗಲಿ ಮೇಲೆ ಅವರೇಕಾಯಿ ಸುಲೀತಿದ್ದ ಅಜ್ಜಿ ಕೂರಿಸಿ ನೀರು ಕೊಟ್ಟರು. 2022ರ ಗಣೇಶನ ಹಬ್ಬ ಕಳೆದ ಮೇಲೆ ಬಂದ ಮಳೆಗೆ ಮಂಚದ ಕೆಳಗೆ ನೀರು ನಿಂತದ್ದು ಹೇಳಿದರು. ನಾನು ಮೆಲ್ಲಗೆ, ‘ಅವರ ಅಕ್ಕತಂಗೀರು ಬರ್ತಾರಾ ಅಜ್ಜಿ?’ ಅಂದೆ.

‘ಎಲ್ಲಿ ಬರ್ತಾರೆ! ಇಬ್ರೂ ಬರಲ್ಲ. ದೊಡ್ಡವಳನ್ನ ಕುಣಿಗಲ್ ಕಡೆ ಕೊಟ್ಟವ್ರೆ, ಚಿಕ್ಕೋಳು ಇಲ್ಲೇ ತಾವರೆಕೆರೆ. ಅಪ್ಪನ ತಿಥಿಗೂ ಕರೀಲಿಲ್ವಂತೆ.’

ಲಾಯರಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. 2004ರ ಡಿಸೆಂಬರ್ 20ಕ್ಕೆ ಮುಂಚೆ ವಿಭಾಗ ಪತ್ರ ನೋಂದಣಿ ಆಗಿದ್ದರೆ ಅಥವಾ ಕೋರ್ಟಿನ ಡಿಕ್ರಿ ಇದ್ದಿದ್ದರೆ ಅದನ್ನ ಮುಟ್ಟೋ ಹಾಗಿರಲಿಲ್ಲ. ಬಿಳಿ ಹಾಳೆಗೆ ಆ ರಕ್ಷಣೆ ಇಲ್ಲ. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಬಿಟ್ಟಿದೆ. ‘ಕೇಸಲ್ಲಿ ಅವರು ಗೆಲ್ತಾರೋ ಸೋಲ್ತಾರೋ ಬೇರೆ ಮಾತು. ಆದರೆ ಹಾಕಿದರೆ ಕೋರ್ಟಿಗೆ ಅಲೆಯೋರು ನೀವು. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿಕೊಡಲಿ, ಆಮೇಲೆ ಅಡ್ವಾನ್ಸ್ ಮಾತಾಡಿ.’

ನನಗೆ ನಾಚಿಕೆಯೂ ಆಯ್ತು. ನಮ್ಮ ಊರಿನ ಅಡಿಕೆ ತೋಟದ ಪಾಲಿನಲ್ಲಿ ನಾನೂ ಓದದೆ ಸೈನ್ ಹಾಕಿದವಳೇ, ಅಣ್ಣ ಬೇಜಾರು ಮಾಡಿಕೊಳ್ತಾನೆ ಅಂತ. ಇಲ್ಲಿ ಆ ಇಬ್ಬರನ್ನ ಕೇಳಲೂ ಇಲ್ಲ.

ಬ್ರೋಕರಿಗೆ ನೇರವಾಗಿ ಹೇಳಿದೆ. ಅವನು ‘ಈ ರೇಟಿಗೆ ಬೇರೆ ಪಾರ್ಟಿ ರೆಡಿ ಇದೆ’ ಅಂದು ಫೋನಿಟ್ಟ. ಇವರು ಮಾತಾಡದೆ ಟಿವಿ ಹಾಕಿದರು. ಬಾಡಿಗೆ ಮನೆಯ ಓನರ್ ಜನವರಿಗೆ ಖಾಲಿ ಮಾಡಿ ಅಂದಿರೋದು ಇಬ್ಬರ ತಲೆಯಲ್ಲೂ ಇದೆ.

ರಾತ್ರಿ ಎಂಟಕ್ಕೆ ಮತ್ತೆ ಅವನದೇ ಫೋನು. ‘ಮೇಡಂ, ಓನರ್ ಒಪ್ಪಿದ್ರು. ಅವರಕ್ಕನ್ನ ಕರೆಸಿ ಸೈನ್ ಹಾಕಿಸ್ತಾರಂತೆ. ಬುಧವಾರ ಇಟ್ಕೊಳ್ಳೋಣ್ವಾ?’

‘ಎಷ್ಟು ಜನ ಅಕ್ಕಂದಿರು?’ ಅಂದೆ.

‘ಒಬ್ರೇ ಮೇಡಂ. ಕುಣಿಗಲ್‌ನೋರು.’