ಎಡಗೈಯನ್ನು ಕೇಳಿದ ಮಧ್ಯಾಹ್ನ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ನಮ್ಮ ಸಂಗೀತದ ಮೇಷ್ಟ್ರು ಪಾಠವನ್ನು ಬದಿಗಿಟ್ಟು, ಎಲ್‌ಪಿಯೊಂದನ್ನು ಹೊದಿಕೆಯಿಂದ ತೆಗೆದು, ಅಂಚು ಮಾತ್ರ ತಾಗುವಂತೆ ಎರಡು ಅಂಗೈಗಳ ನಡುವೆ ಹಿಡಿದು ಪ್ಲೇಯರಿನ ಮೇಲಿಟ್ಟರು. ಖಾಲಿ ಹೊದಿಕೆ ಕೈಯಿಂದ ಕೈಗೆ ದಾಟಿ ನನ್ನ ಬೆಂಚಿಗೆ ಬಂತು. ಅದರ ತುಂಬ ಒಬ್ಬನೇ ಯುವಕನ ಪುಟ್ಟ ಪುಟ್ಟ ಚಿತ್ರಗಳು. ಎಣಿಸಿದೆ, ಮೂವತ್ತಿದ್ದವು. ಜರ್ಮನಿಯ ಸಂಗೀತ ರಚನೆಕಾರ ಬಾಖ್ 1741ರಲ್ಲಿ ಪ್ರಕಟಿಸಿದ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೃತಿಯ ಒಂದೊಂದು ವೇರಿಯೇಷನ್ನಿಗೆ, ಅಂದರೆ ಮೂಲ ರಚನೆಯ ಒಂದೊಂದು ಮಾರ್ಪಾಟಿಗೆ, ಒಂದೊಂದು ಚಿತ್ರ ಎಂದು ಮೇಷ್ಟ್ರು ವಿವರಿಸಿದರು. ಆ ಯುವಕ ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್. ಹಿಂದೆ ಚರ್ಚ್ ಆಗಿದ್ದ ನ್ಯೂಯಾರ್ಕಿನ ಸ್ಟುಡಿಯೊ ಒಂದರಲ್ಲಿ 1955ರ ಜೂನ್‌ನಲ್ಲಿ ಈ ಧ್ವನಿಮುದ್ರಣ ನಡೆದಾಗ ಅವರಿಗೆ 22 ವರ್ಷ.

ಮೊದಲಿಗೆ ಬಂದ ಆರಿಯಾ ಎಂಬ ಮೂಲ ರಚನೆ ನಿಧಾನವಾದದ್ದು, ಮನಸ್ಸಿನಲ್ಲಿ ಉಳಿಯುವಂಥದ್ದು. ಅದರ ಬೆನ್ನಿಗೇ ಮೊದಲ ವೇರಿಯೇಷನ್ ಸಿಡಿದು ಬಂದಾಗ ನಾನು ಆ ಮಟ್ಟನ್ನು ಹುಡುಕಿ ಸೋತೆ. "ಮೊದಲಿನ ಮಟ್ಟು ಎಲ್ಲಿ ಹೋಯಿತು, ಸರ್?" ಎಂದು ಕೇಳಿಯೇಬಿಟ್ಟೆ. ಮೇಷ್ಟ್ರು ಸಿಟ್ಟಾಗಲಿಲ್ಲ, ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೇ ಇಟ್ಟು, "ಬಲಗೈಯ ಹಿಂದೆ ಹೋಗಬೇಡ, ಎಡಗೈಯನ್ನು ಕೇಳು" ಎಂದರು. ಆಮೇಲೆ ಮಂದ್ರದ ಸ್ವರ ಒಂದೊಂದೇ ಮೆಟ್ಟಿಲು ಇಳಿದಂತೆ ಬೆರಳಿನಿಂದ ಮೇಜನ್ನು ನಾಲ್ಕು ಬಾರಿ ತಟ್ಟಿದರು. ಈ ಸಲ ಮೊದಲ ವೇರಿಯೇಷನ್ ಶುರುವಾದಾಗ ಆ ನಾಲ್ಕು ಮೆಟ್ಟಿಲುಗಳು ಸದ್ದುಗದ್ದಲದ ಅಡಿಯಲ್ಲಿ ನನಗೆ ಸಿಕ್ಕವು. ಬಾಖ್ ಮೂವತ್ತು ಬಾರಿ ಬದಲಾಯಿಸುವುದು ಮಟ್ಟನ್ನಲ್ಲ, ಆ ಮಂದ್ರ ಸ್ವರಗಳ ಮೇಲೆ ಕಟ್ಟುವ ಕಟ್ಟಡವನ್ನು.

ಎಲ್ಲವೂ ನನಗೆ ಹಿಡಿಸಿತು ಎಂದರೆ ಸುಳ್ಳಾದೀತು. ಆವರ್ತಿಸಿ ನುಡಿಸಬೇಕಾದ ಭಾಗಗಳನ್ನು ಬಿಟ್ಟು ಗೂಲ್ಡ್ ಇಡೀ ಕೃತಿಯನ್ನು ಸುಮಾರು 38 ನಿಮಿಷಗಳಲ್ಲಿ ಮುಗಿಸುತ್ತಾರೆ. ಐದನೆಯ ವೇರಿಯೇಷನ್ನಿನಲ್ಲಿ ಸಂಗೀತಕ್ಕಿಂತ ಬೆರಳುಗಳೇ ಹೆಚ್ಚು ಕೇಳಿಸುತ್ತವೆ ಎಂಬುದು ನನ್ನ ಇಂದಿನ ಅಭಿಪ್ರಾಯವೂ ಹೌದು. 1981ರಲ್ಲಿ ಅವರೇ ಮತ್ತೊಮ್ಮೆ ನುಡಿಸಿದಾಗ ಅದು 51 ನಿಮಿಷಗಳಿಗೆ ಹಿಗ್ಗಿತ್ತು. ಆದರೆ ಇಪ್ಪತ್ತೈದನೆಯದು ಬೇರೆಯೇ. ಅದುವರೆಗೆ ಓಡುತ್ತಿದ್ದ ಕೈಗಳು ಅಲ್ಲಿ ಆರು ನಿಮಿಷಕ್ಕೂ ಮೀರಿ ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯುತ್ತವೆ. ನಡುವೆ ಗಂಟೆ ಹೊಡೆದರೂ ಮೇಷ್ಟ್ರು ಮುಳ್ಳನ್ನು ಎತ್ತಲಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಹಿಂದಿನ ಬೆಂಚಿನ ಗೆಳೆಯ ಸಣ್ಣಗೆ ಗುನುಗುತ್ತಿದ್ದಾನೆಂದು ತಿಳಿದು ಎರಡು ಮೂರು ಬಾರಿ ತಿರುಗಿ ಅವನನ್ನು ದುರುಗುಟ್ಟಿ ನೋಡಿದ್ದೆ. ಕೊನೆಯಲ್ಲಿ ಆರಿಯಾ ಒಂದು ಸ್ವರವೂ ಬದಲಾಗದೆ ಮರಳಿ ಬಂತು. ನಾನು ಎಡಗೈಯ ಮೆಟ್ಟಿಲುಗಳನ್ನು ಇಳಿಯುತ್ತಿರುವಾಗಲೇ ಆ ಗುನುಗು ಮತ್ತೆ ಕೇಳಿಸಿತು. ನುಡಿಸುವಾಗ ಗುನುಗುವುದು ಗೂಲ್ಡರ ಬಿಡಲಾಗದ ಅಭ್ಯಾಸವೆಂದು ನನಗಿನ್ನೂ ಯಾರೂ ಹೇಳಿರಲಿಲ್ಲ. ಗೆಳೆಯ ನನ್ನ ಬೆನ್ನಿಗೆ ತಿವಿದು, "ನಾನಲ್ಲ ಕಣೋ" ಎಂದ.